ಕೊಳಗಾರರ ಓಣಿಯ ಕಳೆದುಹೋದ ಳಕಾರ

ಹಳೇ ನಗರದ ಪಾರಂಪರಿಕ ನಡಿಗೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಪ್ಪ ಕೊಲೆಗಾರರಲ್ಲ. ಅವರ ವಂಶದಲ್ಲಿ ಒಂದು ಕೋಳಿಯನ್ನಾದರೂ ನೆಟ್ಟಗೆ ಕೊಯ್ದವರು ಯಾರೂ ಇಲ್ಲ. ಈ ಸಣ್ಣ ಸಂಗತಿಯನ್ನು ತಮ್ಮ ಗಮನಕ್ಕೆ ತರಲು ನಾನು ತಮ್ಮ ಕಚೇರಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿದ್ದೇನೆಂದರೆ, ಬಾಗಿಲ ಕಾವಲುಗಾರ ಈಗೀಗ ನನ್ನನ್ನು ‘ಏನು ಕೆಲಸ’ ಎಂದು ಕೇಳುವುದಿಲ್ಲ. ‘ಊಟ ಆಯ್ತಾ ಅಮ್ಮಾ’ ಎಂದು ಕೇಳುತ್ತಾನೆ. ತಮ್ಮ ಕಚೇರಿಯಿಂದ ನನಗೆ ಇಲ್ಲಿಯವರೆಗೆ ದೊರೆತ ಪರಿಹಾರ ಅದೊಂದೇ. ಆದ್ದರಿಂದ ಈ ಪತ್ರವನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಇದರಿಂದ ಏನಾದರೂ ಆದೀತೆಂಬ ಭ್ರಮೆ ನನಗಿಲ್ಲ. ಗೋರ್ಕಲ್ಲ ಮೇಲೆ ಮಳೆ ಕರೆದಂತೆ ಎಂಬ ಮಾತು ನನಗೂ ಗೊತ್ತು. ಆದರೂ ಮಳೆ ಕಲ್ಲನ್ನು ಕೇಳಿಕೊಂಡು ಸುರಿಯುವುದಿಲ್ಲ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ಅದೆಲ್ಲ ತಾವು ಈ ಹುದ್ದೆಗೆ ಬರುವ ಮುಂಚಿನದು ಎಂದು ತಾವು ಹೇಳಬಹುದು. ತಮ್ಮ ಹಿಂದಿನವರೂ ಹಾಗೇ ಹೇಳಿದ್ದರು. ನಾವಿರುವುದು ಕೋಟೆಯೊಳಗಿನ ಹಳೇ ಊರಿನಲ್ಲಿ, ಅರಸರ ಕಾಲದ ಉಗ್ರಾಣದ ಹಿಂಬದಿಯ ಓಣಿಯಲ್ಲಿ. ಅಜ್ಜನ ಅಜ್ಜನ ಕಾಲದಿಂದ ಅದು ಕೊಳಗಾರರ ಓಣಿ. ಕೊಳಗ ಎಂದರೆ ಕಾಳು ಅಳೆಯುವ ಪಾತ್ರೆ. ಉಗ್ರಾಣಕ್ಕೆ ಬರುವ ಕಾಳನ್ನೂ ಅಲ್ಲಿಂದ ಹೋಗುವ ಕಾಳನ್ನೂ ಕೊಳಗ ಹಿಡಿದು ಅಳೆಯುತ್ತಿದ್ದವರು ಕೊಳಗಾರರು. ಅರಸರು ಹೋದ ಮೇಲೂ ಅಲ್ಲಿ ಧಾನ್ಯದ ಪೇಟೆ ನಡೆಯುತ್ತಿತ್ತು, ಅಪ್ಪನ ತಾತ ಅಲ್ಲಿ ಅಳೆಯುತ್ತಿದ್ದರು. ಕೊಳಗ ಹೋಗಿ ತಕ್ಕಡಿ ಬಂದಾಗ ನಮ್ಮ ಮನೆಯವರು ತಕ್ಕಡಿ ರಿಪೇರಿಗೆ ಇಳಿದರು. ಅಪ್ಪ ಜೀವಮಾನವಿಡೀ ಮಾಡಿದ್ದು ಅದನ್ನೇ. ಮುಳ್ಳು ನೆಟ್ಟಗೆ ನಿಲ್ಲದ ತಕ್ಕಡಿ ಕಂಡರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ತಮ್ಮ ಕಚೇರಿ ಹಳೇ ಊರಿನ ಓಣಿಗಳಿಗೆಲ್ಲ ಹೊಸ ಹಲಗೆ ಬರೆಸಿತು. ಬರೆದವನು ಳ ಹಾಕುವ ಕಡೆ ಲ ಹಾಕಿದ. ‘ಕೊಲಗಾರರ ಓಣಿ.’ ತಪ್ಪೇ, ಆದರೆ ಪಾಪದ ತಪ್ಪು. ಅರ್ಥವೇ ಇಲ್ಲದ ಪದ ಯಾರಿಗೆ ಏನು ಮಾಡೀತು? ಅನಾಹುತವಾದದ್ದು ತಿದ್ದುವಾಗ. ತಮ್ಮಲ್ಲಿ ಯಾರೋ ಒಬ್ಬ ಶ್ರದ್ಧಾವಂತರು ಹಲಗೆಯನ್ನು ಪರಿಶೀಲಿಸಿ, ‘ಕೊಲಗಾರ’ ಎಂಬ ಪದ ಕನ್ನಡದಲ್ಲಿ ಇಲ್ಲವೆಂದು ಸರಿಯಾಗಿಯೇ ಗುರುತಿಸಿ, ಎತ್ವ ಬಿಟ್ಟುಹೋಗಿದೆಯೆಂದು ತೀರ್ಮಾನಿಸಿ, ಲಕಾರದ ತಲೆಯ ಮೇಲೆ ಒಂದು ಎತ್ವ ಏರಿಸಿದರು. ಕೊಲೆಗಾರರ ಓಣಿ! ಅಕ್ಷರ ತಪ್ಪಿದಾಗ ಏನೂ ಆಗಿರಲಿಲ್ಲ, ಅಕ್ಷರ ತಿದ್ದಿದ ಮೇಲೆ ಒಂದು ವಂಶವೇ ಕೆಟ್ಟಿತು.

ಇದರಲ್ಲೊಂದು ತಮಾಷೆಯಿದೆ. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಕರಡು ತಿದ್ದುವುದು. ಅಚ್ಚುಮನೆಯಿಂದ ಬರುವ ಪಠ್ಯಪುಸ್ತಕ, ಮದುವೆಯ ಕಾಗದ, ಸಾವಿನ ಸುದ್ದಿ, ಎಲ್ಲವೂ ನಮ್ಮ ಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ ನೆಟ್ಟಗಾಗಿ ಹೋಗುತ್ತವೆ. ಊರವರ ಕಾಗುಣಿತ ತಿದ್ದುವವಳ ಬಾಗಿಲಲ್ಲೇ ಇಂಥ ಹಲಗೆ! ಅಚ್ಚುಮನೆಯವರು ಬಹಳ ದಿನ ನಕ್ಕರು, ತಾವೂ ನಗಬಹುದು. ಬರೀ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ತಾವು ಪ್ರಾಣವನ್ನೇ ತೆಗೆಸಿದಿರಿ.

ಆಗಲಾದರೂ ಹಲಗೆ ಬದಲಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸರಕಾರಿ ಹಲಗೆ ತಪ್ಪಾಗುವುದುಂಟೇ? ಹಲಗೆಯೇ ಸರಿ ಎಂದಾದರೆ ಇತಿಹಾಸ ಸರಿದು ಜಾಗ ಕೊಡಬೇಕು, ಕೊಟ್ಟಿತು. ಅದೇ ಹೊತ್ತಿಗೆ ತಮ್ಮ ನಡಿಗೆ ಶುರುವಾಯಿತು. ಮಹಾದ್ವಾರದಲ್ಲಿ ಹೊರಟು, ಗಂಟೆಗೋಪುರ, ಚೌಕ, ಉಗ್ರಾಣ ದಾಟಿ, ಓಣಿಗಳ ಸಂದಿಗೊಂದಿ ಸುತ್ತಿ, ಕೋಟೆಗೋಡೆಯ ಮೇಲೆ ಮುಗಿಯುವ ನಡಿಗೆ. ಚೌಕದ ಹಾಸುಗಲ್ಲು ಹೊಸದು, ದೀಪದ ಕಂಬ ಹೊಸದು, ‘ಬಹಳ ಹಳೆಯದು’ ಎಂದು ಬರೆದ ಫಲಕವೂ ಹೊಸದು. ಅದರ ಬಗ್ಗೆ ನನ್ನ ತಕರಾರಿಲ್ಲ. ಉಗ್ರಾಣದೊಳಗೆ ಮಾತ್ರ ಪಾರಿವಾಳದ ಹಿಕ್ಕೆ ಬಿಟ್ಟರೆ ನೋಡುವಂಥದ್ದು ಏನೂ ಇಲ್ಲ. ಜನ ಅಲ್ಲಿಗೆ ಬರುವಷ್ಟರಲ್ಲಿ ಆಕಳಿಸುತ್ತಿರುತ್ತಾರೆ. ಅವರ ಆಕಳಿಕೆ ಬಿಡಿಸಲು ತಮಗೆ ನಮ್ಮ ಓಣಿ ಬೇಕಾಯಿತು.

ಹೀಗೆ ಹುಟ್ಟಿತು ಕತೆ. ಅರಸನ ಅಪ್ಪಣೆಯಂತೆ ಜನರ ತಲೆ ಕಡಿಯುತ್ತಿದ್ದವರು ಈ ಓಣಿಯಲ್ಲಿದ್ದರಂತೆ. ಊರವರು ಅವರ ನೆರಳು ಕಂಡರೂ ಹೆದರುತ್ತಿದ್ದರಂತೆ, ಅದಕ್ಕೇ ಓಣಿ ಇಷ್ಟು ಕಿರಿದಂತೆ. ಹಾಗಾದರೆ ಪಕ್ಕದ ಓಣಿಯೂ ಕಿರಿದೇ ಅಲ್ಲವೇ, ಅಲ್ಲಿದ್ದವರು ಯಾರನ್ನು ಕೊಂದರು? ಓಣಿ ಕಿರಿದಾಗಿರುವುದು ಅದು ಓಣಿಯಾದದ್ದಕ್ಕೆ, ಸ್ವಾಮೀ! ಇನ್ನು ನಮ್ಮ ಜಗಲಿಯ ಪಕ್ಕದಲ್ಲಿ ನಡುವೆ ಗುಳಿಯಿರುವ ಒಂದು ಕಲ್ಲಿದೆ. ಅದು ಅಳತೆಗಲ್ಲು. ಹೊಸ ಕೊಳಗ ಮಾಡಿಸಿದಾಗ, ಅದರ ತುಂಬ ಕಾಳು ಹಿಡಿದು ಆ ಗುಳಿಗೆ ಸುರಿದು, ಸರಿಸಮ ಬಂದರೆ ಮಾತ್ರ ಬಳಸುತ್ತಿದ್ದರು. ತಮ್ಮ ಕತೆಯಲ್ಲಿ ಅದು ಕತ್ತು ಇಡುವ ಕಲ್ಲು, ಗುಳಿ ಇರುವುದು ರಕ್ತ ನಿಲ್ಲಲು. ಪ್ರವಾಸಿಗಳು ಮಂಡಿಯೂರಿ ಅದರ ಮೇಲೆ ಕತ್ತಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಗಂಡ ಕತ್ತಿಡುತ್ತಾನೆ, ಹೆಂಡತಿ ಕೈಯೆತ್ತಿ ಕಡಿಯುವಂತೆ ನಿಲ್ಲುತ್ತಾಳೆ. ಇಬ್ಬರ ಮುಖದಲ್ಲೂ ಎಂಥ ನೆಮ್ಮದಿ!

ಓಣಿಯವರು ಸುಮ್ಮನಿದ್ದರೇ ಎಂದು ಓದುಗರು ಕೇಳಬಹುದು. ಸುಮ್ಮನಿರಲಿಲ್ಲ, ವ್ಯಾಪಾರಕ್ಕಿಳಿದರು. ಎದುರು ಮನೆಯ ಬಡಗಿ ಕುರ್ಚಿ ಮೇಜು ಬಿಟ್ಟು ಗೇಣುದ್ದದ ಮರದ ಕೊಡಲಿ ಮಾಡಿ ಮಾರುತ್ತಿದ್ದಾನೆ. ಅರ್ಜಿಗೆ ಒಂದು ಸಹಿ ಹಾಕಪ್ಪಾ ಎಂದು ಹೋದರೆ, ಮರ ಹೆರೆಯುವ ರಂದ ಕೆಳಗಿಟ್ಟು ನನ್ನನ್ನೇ ಬೈದ.

“ಅಕ್ಕಾ, ಕುರ್ಚಿ ಮಾಡಿಟ್ರೆ ಧೂಳು ಕೂತ್ಕೊಳ್ಳೋದು, ಜನ ಕೂತ್ಕೊಳ್ತಿರ್ಲಿಲ್ಲ. ಕೊಡಲಿ ನೋಡು, ಬಣ್ಣ ಒಣಗೋಕೂ ಬಿಡಲ್ಲ. ನಿನ್ನ ಳ ವಾಪಸ್ ತಂದು ಉಪ್ಪು ಹಾಕ್ಕೊಂಡು ನೆಕ್ಲಾ ನಾನು?”

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮನೆತನದ ಹೆಸರೇನೂ ಹಲಗೆಯ ಮೇಲಿಲ್ಲವಲ್ಲ. ನಡಿಗೆ ನಡೆಸುವ ಹುಡುಗಿಯ ಮೇಲೂ ಸಿಟ್ಟಿಲ್ಲ. ಗುಂಪಿನವರಿಗೆ ದೂರದಿಂದ ಕಾಣಲೆಂದು ಅವಳು ಕೆಂಪು ಕೊಡೆ ಎತ್ತಿ ಹಿಡಿದಿರುತ್ತಾಳೆ. ಓಣಿಯಲ್ಲಿ ಅವಳ ಹೆಸರೇ ಕೆಂಪುಕೊಡೆ. ಕೊರಳಲ್ಲಿ ಪುಟ್ಟದೊಂದು ಸ್ಪೀಕರ್. ಒಂದು ದಿನ ಅವಳನ್ನು ಒಳಗೆ ಕರೆದು ನೀರು ಕೊಟ್ಟು ಎಲ್ಲ ಹೇಳಿದೆ. ಕಲ್ಲು ತೋರಿಸಿದೆ. ಅಟ್ಟದ ಮೇಲಿದ್ದ ಹಳೇ ಕೊಳಗ ಇಳಿಸಿ ಕೈಗಿತ್ತೆ. ಅವಳಿಗೆ ಅರ್ಥವಾಯಿತು. ಮಾರನೆಯ ದಿನ ನಮ್ಮ ಕಿಟಕಿಯ ಕೆಳಗೆ ನಿಂತು, ಪಾಪ, ನಿಜ ಹೇಳಿದಳು. ಇಲ್ಲಿ ಇದ್ದವರು ಅಳೆಯುವವರು, ಮೋಸವಿಲ್ಲದ ಅಳತೆಗೆ ಹೆಸರಾದವರು ಎಂದಳು. ಗುಂಪಿನಲ್ಲೊಬ್ಬ “ಮತ್ತೆ ಹಲಗೆ ಮೇಲೆ ಕೊಲೆಗಾರರು ಅಂತ ಇದೆ?” ಎಂದ. ಇನ್ನೊಬ್ಬ ದುಡ್ಡು ವಾಪಸ್ ಕೊಡಿ ಎಂದ. ವಾರದೊಳಗೆ ಅವಳಿಗೆ ತಮ್ಮ ಕಚೇರಿಯಿಂದ ಎಚ್ಚರಿಕೆ ಬಂತು, ‘ಅನುಮೋದಿತ ವಿವರಣೆಯನ್ನು ಬಿಟ್ಟು ಸ್ವಂತ ಕಲ್ಪನೆಗಳನ್ನು ಸೇರಿಸತಕ್ಕದ್ದಲ್ಲ’ ಎಂದು. ಕಲ್ಪನೆ ಎಂಬ ಪದದ ಕಾಗುಣಿತ ಮಾತ್ರ ಸರಿಯಿತ್ತು.

“ಅಕ್ಕಾ, ಅಳತೆ ಅಂದ್ರೆ ಮುಂದೆ ಹೋಗೋಣ ಅಂತಾರೆ, ಕೊಲೆ ಅಂದ್ರೆ ಮೊಬೈಲ್ ತೆಗೀತಾರೆ. ನಾನೇನ್ ಮಾಡ್ಲಿ ಹೇಳು. ಈ ಕೆಲ್ಸ ಹೋದ್ರೆ ನಂಗೆ ಇನ್ನೊಂದಿಲ್ಲ,” ಎಂದು ಅವಳು ನನ್ನ ಮುಂದೆ ಕಣ್ಣೊರೆಸಿಕೊಂಡಳು. ಆಮೇಲೆ ಕೊಡೆ ಎತ್ತಿಕೊಂಡು ಹೋದಳು.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮಾನ ಹೋದರೆ ಹೋಗಲಿ, ಮಾನ ಕಟ್ಟಿಕೊಂಡು ಯಾರು ಬದುಕುತ್ತಾರೆ ಎಂದು ಬಾಗಿಲು ಹಾಕಿಕೊಂಡು ಇರುತ್ತಿದ್ದೆ. ಆದರೆ ಬಾಗಿಲೊಳಗೆ ಅಪ್ಪ ಇದ್ದಾರೆ. ಅವರಿಗೆ ಮರೆವಿನ ಕಾಯಿಲೆ. ವಯಸ್ಸಾದವರಿಗೆ ಬರುವ ಸಾಮಾನ್ಯ ಮರೆವಲ್ಲ. ಇಂದು ಒಂದು ಕೋಣೆ, ನಾಳೆ ಇನ್ನೊಂದು ಕೋಣೆ ಎಂದು ಒಳಗಿನಿಂದ ಬೀಗ ಬೀಳುತ್ತಾ ಹೋಗುವಂಥದ್ದು. ಬಿಸಿಲಿರುತ್ತದೆಂದು ಅವರ ಮಂಚವನ್ನು ಓಣಿಯ ಕಡೆಯ ಕಿಟಕಿಗೆ ಹಾಕಿದವಳು ನಾನೇ. ಈ ಮನೆಯಲ್ಲಿ ಬೆಳಕು ಬರುವ ಕೋಣೆ ಅದೊಂದೇ.

ಮೊದಮೊದಲು ಅವರು ಜಗಳಕ್ಕೇ ನಿಲ್ಲುತ್ತಿದ್ದರು. ಕೆಂಪುಕೊಡೆ ಬಾಯಿ ತೆರೆದ ತಕ್ಷಣ ಕಿಟಕಿಯ ಸರಳು ಹಿಡಿದು ಕೂಗುವರು. “ಏ ತಾಯೀ, ಕೊಲೆ ಅಲ್ಲ ಕಣಮ್ಮಾ! ಕೊಳಗ, ಕೊಳಗ! ನಾಲಿಗೆ ಮಡಚು! ಳ! ಳ!” ಪ್ರವಾಸಿಗಳು ಇದೂ ನಡಿಗೆಯ ಒಂದು ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಕೆಲವರು ಅವರ ಜೊತೆ ‘ಳ, ಳ’ ಎಂದು ಹಾಡಿದರು. ಅಪ್ಪನಿಗೆ ಅದು ಗೆಲುವಿನಂತೆ ಕಂಡಿತು. “ನೋಡಿದ್ಯಾ, ಎಷ್ಟು ಜನಕ್ಕೆ ಕಲಿಸ್ದೆ ಇವತ್ತು!” ಎಂದು ಖುಷಿಯಿಂದ ಎರಡು ತುತ್ತು ಹೆಚ್ಚು ಉಂಡರು.

ಆಮೇಲೆ ತಮ್ಮವರು ಕ್ಯಾಮೆರಾ ಹಿಡಿದು ಬಂದರು. ಹಳೇ ಊರಿನ ಹಿರಿಯರ ನೆನಪುಗಳನ್ನು ದಾಖಲಿಸುತ್ತೇವೆ ಎಂದರು. ನಾನು ಪೆದ್ದಿ, ಅವರನ್ನು ಕರೆದು ಕೂರಿಸಿದೆ. ಇಷ್ಟು ದಿನ ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ, ಅಪ್ಪನ ಬಾಯಿಂದಲೇ ಬಂದರೆ ಕೇಳಿಯಾರು ಎಂದುಕೊಂಡೆ. ಅಪ್ಪನಿಗೆ ಒಗೆದ ಅಂಗಿ ತೊಡಿಸಿದೆ. ಕ್ಯಾಮೆರಾದವನು ಕೇಳಿದ, “ಯಜಮಾನ್ರೇ, ನಿಮ್ಮ ತಾತ ಏನ್ ಕೆಲ್ಸ ಮಾಡ್ತಿದ್ರು?”

ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. “ನಮ್ಮ ತಾತನಾ? ತಲೆ ಹೊಡೀತಿದ್ದ. ಬೆಳಗಾದ್ರೆ ಅದೇ ಕೆಲ್ಸ. ಸಂಜೆ ತನಕ ತಲೆ ಹೊಡೆದೂ ಹೊಡೆದೂ ರಟ್ಟೆ ಊದ್ಕೊಳ್ಳೋದು. ಸಾಹುಕಾರ ಆದ್ರೂ ಅಷ್ಟೇ, ಕೂಲಿಯವನಾದ್ರೂ ಅಷ್ಟೇ. ಒಂದೇ ಏಟು! ಎರಡನೇ ಏಟು ಅಂತ ಇರ್ಲಿಲ್ಲ ನಮ್ಮ ತಾತನ ಹತ್ರ.”

ಕ್ಯಾಮೆರಾದವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮಾನ್ಯರೇ, ಕೊಳಗದ ಬಾಯಿಯ ಮೇಲೆ ಕಾಳು ಗುಡ್ಡದಂತೆ ಏರಿರುತ್ತದೆ. ಅದನ್ನು ಒಂದು ಕೋಲಿನಿಂದ ಸವರಿ ಕಂಠಕ್ಕೆ ಸಮ ಮಾಡುವುದಕ್ಕೆ ನಮ್ಮವರು ಹೇಳುವುದೇ ತಲೆ ಹೊಡೆಯುವುದು ಎಂದು. ಕೋಲನ್ನು ಎರಡು ಸಲ ಎಳೆದರೆ ಕಾಳು ಅದುಮಿಕೊಂಡು ಅಳತೆ ಕೆಡುತ್ತದೆ. ಒಂದೇ ಏಟಿಗೆ ಸಮ ಮಾಡುವವನೇ ಪ್ರಾಮಾಣಿಕ. ಅಪ್ಪ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ತಾತ ಬಡವನಿಗೂ ಬಲ್ಲಿದನಿಗೂ ಒಂದೇ ಅಳತೆ ಕೊಟ್ಟವರು ಎಂಬ ಹೆಮ್ಮೆಯನ್ನು ಅವರು ಆಡಿದ್ದರು. ಮುಚ್ಚಿಹೋಗುತ್ತಿದ್ದ ಅವರ ತಲೆಯೊಳಗೆ ಇನ್ನೂ ತೆರೆದಿದ್ದ ಕೋಣೆ ಅದು. ನಾನು ನಡುವೆ ಬಾಯಿ ಹಾಕಿ ಬಿಡಿಸಿ ಹೇಳಲು ಹೋದರೆ ತಮ್ಮವರು ಕೈಯಡ್ಡ ಹಿಡಿದರು. “ಮೇಡಂ, ಅವರು ತುಂಬ ಚೆನ್ನಾಗಿ ಹೇಳ್ತಿದಾರೆ. ನೀವು ಆಮೇಲೆ ಮಾತಾಡಿ.” ಆಮೇಲೆ ಎಂಬುದು ಬರಲೇ ಇಲ್ಲ.

ನನ್ನ ಕೊನೆಯ ಅರ್ಜಿಗೆ ತಮ್ಮ ಕಚೇರಿ ಉತ್ತರ ಕೊಟ್ಟಿತು. ಓಣಿಯ ಹೆಸರೂ ಅದರ ಇತಿಹಾಸವೂ ಆ ಓಣಿಯ ಅತಿ ಹಿರಿಯ ನಿವಾಸಿಯ ಮೌಖಿಕ ಸಾಕ್ಷ್ಯದಿಂದ ದೃಢಪಟ್ಟಿರುವುದರಿಂದ, ಬದಲಾವಣೆಯ ಅಗತ್ಯ ಕಂಡುಬರುವುದಿಲ್ಲವಂತೆ. ಆ ಅತಿ ಹಿರಿಯ ನಿವಾಸಿ ಯಾರು ಎಂದು ವಿಚಾರಿಸುವ ಅಗತ್ಯವೂ ತಮಗೆ ಕಂಡುಬರಲಿಲ್ಲ. ಅಪ್ಪನ ಪರವಾಗಿ ಮಗಳು ಹಾಕಿದ ಅರ್ಜಿಯನ್ನು ಅದೇ ಅಪ್ಪನ ಮಾತು ಹಿಡಿದು ತಳ್ಳಿಹಾಕಿದಿರಿ. ಇದಕ್ಕೆ ಬುದ್ಧಿವಂತಿಕೆ ಬೇಕೇ ಬೇಕು, ಅಲ್ಲಗಳೆಯಲಾರೆ.

ಅಲ್ಲಿಗೂ ನಿಲ್ಲಲಿಲ್ಲ. ಈಗ ನಮ್ಮ ಓಣಿಯ ನಿಲ್ದಾಣಕ್ಕೆ ಬಂದಾಗ ಕೆಂಪುಕೊಡೆ ತನ್ನ ಸ್ಪೀಕರಿನಲ್ಲಿ ಅಪ್ಪನ ಧ್ವನಿ ಹಾಕಬೇಕು. ಅದು ತಮ್ಮ ಹೊಸ ಆದೇಶ. ಹಾಕುವಾಗ ಅವಳು ನಮ್ಮ ಕಿಟಕಿಯ ಕಡೆ ನೋಡುವುದಿಲ್ಲ. ಕಿಟಕಿಯ ಈಚೆಗೆ, ಮಂಚದ ಮೇಲೆ, ಅಪ್ಪ ದಿನವೂ ತಮ್ಮದೇ ಧ್ವನಿ ಕೇಳುತ್ತಾರೆ. ತಲೆ ಹೊಡೀತಿದ್ದ. ಒಂದೇ ಏಟು. ಕಾಳಿನ ಕೋಣೆಗೆ ಬೀಗ ಬಿದ್ದುಹೋಗಿದೆ, ಕೊಳಗ ತಂದು ಕೈಗಿತ್ತರೆ “ಇದೇನು, ಹೂವಿನ ಕುಂಡವಾ?” ಎನ್ನುತ್ತಾರೆ. ಉಳಿದದ್ದು ಆ ಮಾತು ಮಾತ್ರ. ಬೇರೆಯವರು ಹೇಳಿದ್ದರೆ ಸುಳ್ಳು ಎಂದಾರು. ತಮ್ಮದೇ ಬಾಯಿ ಹೇಳಿದ್ದನ್ನು ಅವರು ಹೇಗೆ ಅಲ್ಲವೆನ್ನಬೇಕು?

ಒಂದು ಮಧ್ಯಾಹ್ನ ಕರಡು ನೋಡುತ್ತಿದ್ದೆ. ಹಿಂದಿನಿಂದ ಮೆಲ್ಲಗೆ ಕೇಳಿದರು. “ಮಗಾ, ನಾವು ಎಷ್ಟು ಜನರನ್ನ ಕೊಂದಿದೀವಿ?”

“ಯಾರನ್ನೂ ಇಲ್ಲ ಅಪ್ಪಾ. ಅದು ಕಾಳಿನ ಮಾತು. ಕಾಳಿನ ತಲೆ.”

“ಕಾಳಿಗೆ ಎಲ್ಲಾದ್ರೂ ತಲೆ ಇರುತ್ತಾ? ನನ್ನ ಸಮಾಧಾನಕ್ಕೆ ಹೇಳ್ಬೇಡ.”

ಹೇಳುತ್ತೇನೆ, ಬಿಡಿಸಿ ಬಿಡಿಸಿ ಹೇಳುತ್ತೇನೆ. ಅಕ್ಕಿ ತಂದು, ಲೋಟದಲ್ಲಿ ತುಂಬಿ, ಪೆನ್ಸಿಲಿನಿಂದ ಸವರಿ ತೋರಿಸುತ್ತೇನೆ. ಒಮ್ಮೊಮ್ಮೆ ಅವರ ಮುಖ ಅರಳುತ್ತದೆ, “ಹೌದಲ್ವಾ!” ಎನ್ನುತ್ತಾರೆ. ನಾನು ಅವರನ್ನು ಬಿಡಿಸಿಕೊಂಡು ಬರುತ್ತೇನೆ, ತಮ್ಮ ನಡಿಗೆ ಬಂದು ಮತ್ತೆ ಹಿಡಿದು ಒಳಗೆ ಹಾಕುತ್ತದೆ. ಮಂಚ ಬದಲಿಸಿ ನೋಡಿದೆ. ಕತ್ತಲ ಕೋಣೆಯಲ್ಲಿ ಮಲಗಿಸಿದರೆ ಜೈಲೇ ಎಂದು ನಂಬಿ, ಯಾವಾಗ ಬಿಡುತ್ತಾರೆ ಎಂದು ಕೇಳಿದರು. ಕಿಟಕಿ ಮುಚ್ಚಿದೆ. ಸ್ಪೀಕರ್ ಸದ್ದಿಗೆ ಕಿಟಕಿ ಯಾವ ಲೆಕ್ಕ? ಮನೆ ಬಿಟ್ಟು ಹೋಗೋಣವೆಂದರೆ ಕೊಳ್ಳುವವರಿಲ್ಲ, ಕೊಲೆಗಾರರ ಓಣಿಯಲ್ಲಿ ನೋಡಲು ಬರುತ್ತಾರೆಯೇ ಹೊರತು ಇರಲು ಬರುವುದಿಲ್ಲ.

ಈ ನಡುವೆ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಅಪ್ಪನಿಗೆ ಮರಿಮೊಮ್ಮಗಳು ಹುಟ್ಟಿದ್ದಾಳೆ. ಮಗು ಎಂದರೆ ಪ್ರಾಣ ಬಿಡುವ ಮನುಷ್ಯ ಅವರು. ನಾನು ಹುಟ್ಟಿದಾಗ ನನ್ನನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ, ಬೀದಿಗೆಲ್ಲ ನನ್ನ ತೂಕ ಹೇಳಿಕೊಂಡು ಬಂದವರು. ಮಗಳು ಕೂಸನ್ನು ಎತ್ತಿ ತಂದು ಅವರ ಮುಂದೆ ಹಿಡಿದಳು. “ತಾತಾ, ಎತ್ಕೋ.” ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

“ಬೇಡಮ್ಮಾ. ಈ ಕೈಗೆ ಕೊಡ್ಬೇಡ.”

ಕಣ್ಣು ಮಾತ್ರ ಕೂಸಿನ ಮೇಲಿಂದ ಕದಲಲಿಲ್ಲ. ಮಗಳು ಅಳುತ್ತಾ ಒಳಗೆ ಹೋದಳು. ಆಮೇಲಿಂದ ಅವರು ತುತ್ತನ್ನೂ ತಮ್ಮ ಕೈಯಿಂದ ತಿನ್ನುವುದಿಲ್ಲ, ನಾನೇ ತಿನ್ನಿಸಬೇಕು. ತಮ್ಮ ಕಚೇರಿ ಕೈ ತೊಳೆದುಕೊಂಡು ಕೂತಿದೆ. ನನ್ನ ಅಪ್ಪ ಎಷ್ಟು ತೊಳೆದರೂ ಸಾಲದೆಂದು ತೊಳೆಯುತ್ತಲೇ ಇದ್ದಾರೆ, ಬೆರಳ ಸಂದಿ ಬಿರಿದಿದೆ.

ಸೋತು ಸುಣ್ಣವಾಗಿ ಒಂದು ದಿನ ನಾನೇ ಅವರ ದಾರಿಗೆ ಹೋದೆ. “ಆಯ್ತು ಅಪ್ಪಾ, ಕೊಂದಿದ್ರೆ ಕೊಂದಿದ್ರಿ. ನಾನು ಕ್ಷಮಿಸಿದೀನಿ. ಎಲ್ರೂ ಕ್ಷಮಿಸಿದಾರೆ. ಮಗೂನ ಎತ್ಕೋ,” ಎಂದೆ. ಹಾಗೆ ಹೇಳುವಾಗ ನನ್ನ ನಾಲಿಗೆ ಸುಟ್ಟಂತಾಯಿತು. ಅಪ್ಪ ನನ್ನನ್ನು ಕನಿಕರದಿಂದ ನೋಡಿದರು.

“ನೀನು ಹೇಳಿದ್ರೆ ಆಯ್ತಾ? ಮುದ್ರೆ ಬೇಡ್ವಾ? ಮುದ್ರೆ ಇಲ್ದಿರೋ ತೂಕದ ಕಲ್ಲು ಎಷ್ಟೇ ಸರಿ ಇರ್ಲಿ, ಅದನ್ನಿಟ್ಟು ತೂಗಂಗಿಲ್ಲ. ಸರಕಾರದವ್ರು ಬಂದು ಹೇಳ್ಬೇಕು ಮಗಾ.”

ಎಲ್ಲ ಮರೆತ ಮನುಷ್ಯನಿಗೆ ಸರಕಾರದ ಮೇಲಿನ ನಂಬಿಕೆಯೊಂದು ಮರೆತಿಲ್ಲ. ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ತಮ್ಮ ಕಚೇರಿಗೆ ಇನ್ನೆಲ್ಲಿ ಸಿಕ್ಕೀತು?

ಆದ್ದರಿಂದ, ಮಾನ್ಯರೇ, ನಾನು ನನ್ನ ಹಳೆಯ ಅರ್ಜಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಹಲಗೆ ಹಾಗೇ ಇರಲಿ. ಕಲ್ಲಿನ ಮೇಲೆ ಬರುವವರೆಲ್ಲ ಕತ್ತಿಡಲಿ, ಬಡಗಿಯ ಕೊಡಲಿ ಮಾರಾಟವಾಗಲಿ, ಕೆಂಪುಕೊಡೆಯ ಕೆಲಸ ಉಳಿಯಲಿ. ತಪ್ಪು ಒಪ್ಪಿಕೊಳ್ಳಲು ತಮ್ಮಲ್ಲಿ ನಿಯಮವಿಲ್ಲ ಎಂಬುದು ನನಗೆ ಅರ್ಥವಾಗಿದೆ. ಆದರೆ ಕ್ಷಮಿಸಲು ನಿಯಮವಿರಬೇಕಲ್ಲ? ಸರಕಾರಗಳು ಕೊಲೆಗಾರರನ್ನು ಕ್ಷಮಿಸುವುದನ್ನು ನಾನು ಎಷ್ಟೋ ಕರಡುಗಳಲ್ಲಿ ಓದಿ ತಿದ್ದಿದ್ದೇನೆ. ನನ್ನ ಬೇಡಿಕೆ ಒಂದೇ. ನನ್ನ ಅಪ್ಪ ಮಾಡದ, ಅವರ ತಾತ ಮಾಡದ, ಯಾರೂ ಮಾಡದ ಆ ಎಲ್ಲ ಕೊಲೆಗಳಿಗೆ ಸರಕಾರದ ಪರವಾಗಿ ಒಂದು ಕ್ಷಮಾದಾನದ ಪತ್ರ ಕೊಡಿ. ಕೆಳಗೆ ಮುದ್ರೆ ಎದ್ದು ಕಾಣುವಂತಿರಲಿ. ತಾವೇ ಬಂದು ಓದಿ ಹೇಳಿದರೆ ಉಪಕಾರ. ತಾವು ಬರದಿದ್ದರೆ ಯಾರನ್ನಾದರೂ ಕಳಿಸಿ, ಕೋಟು ತೊಟ್ಟಿರಲಿ. ಪತ್ರದಲ್ಲಿ ಎಷ್ಟೇ ಕಾಗುಣಿತ ತಪ್ಪಿದ್ದರೂ ನಾನು ಬಾಯಿ ಬಿಡುವುದಿಲ್ಲ.

ಒಂದೇ ವಿನಂತಿ, ಕಡತ ಮೇಜಿಂದ ಮೇಜಿಗೆ ಹೋಗುತ್ತಾ ಕೂರುವುದು ಬೇಡ. ತಿಂಗಳು ಮುಗಿದರೆ ಮಗಳು ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಹೊರಡುತ್ತಾಳೆ. ಮುಂದಿನ ಸಲ ಅವಳು ಬರುವಷ್ಟರಲ್ಲಿ ಅಪ್ಪನಿಗೆ ಕೂಸು ಎಂದರೇನೆಂದೇ ಮರೆತಿರುತ್ತದೆ. ಈಗಿನ್ನೂ ಗೊತ್ತಿದೆ. ಕೂಸು ಅತ್ತರೆ ಅವರ ಕೈಗಳು ಬೆನ್ನ ಹಿಂದೆಯೇ ಅಲುಗಾಡುತ್ತವೆ.

ಇಂತಿ,
ಮಾಡದ ತಪ್ಪನ್ನು ಒಪ್ಪಿಕೊಂಡಾಗಿರುವ ಮನೆಯಿಂದ,
ಕರಡು ತಿದ್ದುವವಳು